ಹಿಂದಿನ ಆಕ್ಸಲ್ ಊಳಿಡುತ್ತಿದ್ದರೆ: ಹಳೆಯ ಪಿಕಪ್‌ನ ಡಿಫರೆನ್ಷಿಯಲ್ ಆಯಿಲ್ ನೋಡಿ ದೋಷ ಹಿಡಿಯುವ ಬಗೆ

ನಮ್ಮ ಪಿಕಪ್‌ಗೆ ಇಪ್ಪತ್ತು ವರ್ಷ ದಾಟಿದೆ. ಮೂಡಿಗೆರೆ ಕಡೆಯ ತೋಟದಲ್ಲಿ ಕಾಫಿ ಚೀಲ, ಗೊಬ್ಬರ, ಮರಳು, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ, ಹೀಗೆ ಹೊರಿಸಿದ್ದನ್ನೆಲ್ಲ ಹೊತ್ತಿದೆ. ಎರಡು ಮಳೆಗಾಲದ ಹಿಂದೆ ಅದರ ಹಿಂಬದಿಯಲ್ಲಿ ಹೊಸ ಸದ್ದೊಂದು ಹುಟ್ಟಿತು. ವೇಗ 50 ಕಿ.ಮೀ. ದಾಟುತ್ತಿದ್ದಂತೆ ದೂರದಲ್ಲಿ ಯಾರೋ ಶಂಖ ಊದುತ್ತಿರುವ ಹಾಗೆ ಒಂದೇ ಸಮನೆ ಊಳು. ಆಕ್ಸಿಲರೇಟರ್ ಒತ್ತಿದರೆ ಏರುತ್ತಿತ್ತು, ಬಿಟ್ಟರೆ ತಗ್ಗುತ್ತಿತ್ತು. ಅದಕ್ಕೂ ಮೊದಲು ಬಲಗಡೆಯ ಹಿಂದಿನ ಚಕ್ರದ ಆಯಿಲ್ ಸೀಲ್ ಆರು ತಿಂಗಳಲ್ಲಿ ಎರಡು ಸಲ ಸೋರಿ ಎರಡು ಸಲವೂ ಬದಲಾಗಿತ್ತು. ಗ್ಯಾರೇಜಿನವರು ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು, "ಕ್ರೌನ್ ಪಿನಿಯನ್ ಹೋಗಿದೆ ಸಾರ್, ಪೂರ್ತಿ ಸೆಟ್ ಹಾಕಬೇಕು" ಎಂದರು. ಹಿಂದಿನ ಆಕ್ಸಲ್ ನಡುವಿನ ಉಬ್ಬಿದ ಪೆಟ್ಟಿಗೆಯೇ ಹೌಸಿಂಗ್. ಅದರೊಳಗೆ ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ತುದಿಯ ಚಿಕ್ಕ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರ ಕ್ರೌನ್ ವೀಲ್, ಆ ತಿರುವನ್ನು ಎರಡೂ ಚಕ್ರಕ್ಕೆ ಹಂಚುವುದು ಡಿಫರೆನ್ಷಿಯಲ್. ಆ ಹೌಸಿಂಗ್‌ನ ಒಂದು ಪ್ಲಗ್ಗನ್ನೂ ಅವರು ಬಿಚ್ಚಿ ನೋಡಿರಲಿಲ್ಲ.

ನನಗೆ ಹಿಡಿಸದೆ ಹೋದದ್ದು ಅದು. ಕ್ರೌನ್ ಪಿನಿಯನ್ ನಿಜಕ್ಕೂ ಹೋಗಿರಬಹುದು, ಆದರೆ ಒಳಗಿರುವ ಆಯಿಲನ್ನು ಕಣ್ಣಿನಿಂದ ನೋಡದೆ ಹಾಗೆ ಹೇಳುವುದು ಕವಡೆ ಶಾಸ್ತ್ರ. ಗಾಡಿಯನ್ನು ಮನೆಗೆ ತಂದೆ. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಮೇಸ್ತ್ರಿಯೊಬ್ಬರು ನಮ್ಮ ನೆರೆಮನೆಯವರು. ಅವರನ್ನು ಜೊತೆಗಿಟ್ಟುಕೊಂಡು ಮಾಡಿದ ಕೆಲಸ, ಅದರಲ್ಲಿ ಕಲಿತದ್ದು, ಮೊದಲು ತಿಳಿದಿದ್ದರೆ ತಪ್ಪಿಸಬಹುದಾಗಿದ್ದ ತಪ್ಪುಗಳು ಇಲ್ಲಿವೆ.

ಬಿಚ್ಚುವ ಮೊದಲು ಓಡಿಸಿ ಕೇಳಿ

ಮೊದಲ ಅನುಮಾನ ಟೈರಿನ ಮೇಲಿರಲಿ. ರೀಸೋಲ್ ಮಾಡಿಸಿದ ಟೈರು, ಬಟನ್ ಟೈರು, ಒಂದು ಅಂಚು ಮಾತ್ರ ಸವೆದ ಟೈರು, ಮೂರೂ ಡಿಫರೆನ್ಷಿಯಲ್‌ನಂತೆಯೇ ಊಳಿಡಬಲ್ಲವು. ಟಾರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಹೊರಳಿದಾಗ ಸ್ವರ ಬದಲಾದರೆ ಸದ್ದು ಟೈರಿನದು. ಹೌಸಿಂಗ್ ಒಳಗಿನ ಹಲ್ಲಿಗೆ ರಸ್ತೆ ಯಾವುದೆಂದು ಗೊತ್ತಿರುವುದಿಲ್ಲ, ಅದಕ್ಕೆ ತಿಳಿಯುವುದು ಭಾರ ಮಾತ್ರ.

ಟೈರು ಅಲ್ಲವೆಂದಾದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಂದೇ ವೇಗದ ಆಸುಪಾಸಿನಲ್ಲಿ ಮೂರು ರೀತಿ ಓಡಿಸಿ. ಎಂಜಿನ್ ಗಾಡಿಯನ್ನು ಎಳೆಯುವಾಗ ಒಮ್ಮೆ, ಆಕ್ಸಿಲರೇಟರ್ ಬಿಟ್ಟು ಗಾಡಿಯೇ ಎಂಜಿನ್ನನ್ನು ತಳ್ಳುವಾಗ ಒಮ್ಮೆ, ನ್ಯೂಟ್ರಲ್‌ನಲ್ಲಿ ಉರುಳುವಾಗ ಒಮ್ಮೆ. ಪ್ರತಿ ಹಲ್ಲಿಗೂ ಎರಡು ಮುಖಗಳಿವೆ. ಎಳೆಯುವಾಗ ಒಂದು ಮುಖಕ್ಕೆ ಭಾರ, ಬಿಟ್ಟಾಗ ಇನ್ನೊಂದಕ್ಕೆ. ಹಾಗಾಗಿ ಆಕ್ಸಿಲರೇಟರ್ ಜೊತೆಗೆ ಏರಿಳಿಯುವ ಊಳು ಕ್ರೌನ್ ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಕಡೆಗೆ ಕೈ ತೋರಿಸುತ್ತದೆ. ನ್ಯೂಟ್ರಲ್‌ನಲ್ಲೂ ಒಂದಿಷ್ಟೂ ಕದಲದೆ ಉಳಿಯುವ ಸದ್ದು ಚಕ್ರದ ಬೇರಿಂಗ್‌ನದಾಗಿರುವ ಸಾಧ್ಯತೆ ಹೆಚ್ಚು. ಈ ನ್ಯೂಟ್ರಲ್ ಪರೀಕ್ಷೆಯನ್ನು ಘಾಟಿ ಇಳಿಯುವಾಗ ಮಾತ್ರ ಮಾಡಬೇಡಿ. ಎಂಜಿನ್ ಹಿಡಿತ ತಪ್ಪಿದ ಹಳೆಯ ಗಾಡಿಯನ್ನು ಬರೀ ಬ್ರೇಕಿನಿಂದ ತಡೆಯಲು ಹೊರಟವರ ಕಥೆ ನಮ್ಮ ಕಡೆ ಬೇಕಾದಷ್ಟಿದೆ.

ಸ್ವರದ ಎತ್ತರವೂ ಸುಳಿವು ಕೊಡುತ್ತದೆ. ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುವ ಚಕ್ರ, ಗಂಟೆಗೆ 60 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 450 ಸುತ್ತಿನಷ್ಟು ತಿರುಗುತ್ತದೆ. ಆಕ್ಸಲ್ ಅನುಪಾತ ನಾಲ್ಕೂವರೆಯ ಆಸುಪಾಸಿನಲ್ಲಿದ್ದರೆ ಅದೇ ಹೊತ್ತಿನಲ್ಲಿ ಪಿನಿಯನ್ 2,000 ಸುತ್ತು ತಿರುಗಿರುತ್ತದೆ. ಅದಕ್ಕೇ ಚಕ್ರದ ಬೇರಿಂಗ್ ಕೆಟ್ಟರೆ ಗುರುಗುಟ್ಟುವ ತಗ್ಗು ಸದ್ದು, ಪಿನಿಯನ್ ಕಡೆಯದಾದರೆ ಸಣ್ಣ ಕಂಠದ ಊಳು.

ನೇರ ರಸ್ತೆಯಲ್ಲಿ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ಕಟಕಟ ಎಂದರೆ, ತಿರುವಿನಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಪುಟ್ಟ ಹಲ್ಲುಚಕ್ರಗಳಾದ ಸ್ಟಾರ್ ಪಿನಿಯನ್‌ಗಳನ್ನು ನೋಡಬೇಕು. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಷ್ಟು ಹೊತ್ತು ಅವುಗಳಿಗೆ ಕೆಲಸವೇ ಇಲ್ಲ. ಗಿಯರ್ ಹಾಕಿ ಕ್ಲಚ್ ಬಿಡುವಾಗ ಕೇಳುವ ಒಂದೇ ಒಂದು "ಟಕ್" ಬಹಳ ಸಲ ಡಿಫರೆನ್ಷಿಯಲ್‌ನದಲ್ಲ, ಗಿಯರ್ ಬಾಕ್ಸಿನಿಂದ ಆಕ್ಸಲ್‌ಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸಿನದು, ಅಂದರೆ ಅದರ ಕೀಲಿನದು. ಗಾಡಿಯ ಚಕ್ರಗಳಿಗೆ ಅಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ಕ್ರಾಸಿನ ಎರಡೂ ಬದಿಯ ಯೋಕ್‌ಗಳನ್ನು (ಕವಲು ತುದಿಗಳನ್ನು) ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಒಂದು ಅಲುಗಿದಾಗ ಇನ್ನೊಂದು ಅಲುಗದಿದ್ದರೆ ಕ್ರಾಸ್ ಮುಗಿದಿದೆ. ಡಿಫರೆನ್ಷಿಯಲ್ ಬಿಚ್ಚುವ ಖರ್ಚಿನ ಮುಂದೆ ಅದು ಚಿಲ್ಲರೆ.

ನಮ್ಮ ಗಾಡಿಯ ಸದ್ದು ಎಳೆಯುವಾಗ ಜೋರು, ಬಿಟ್ಟಾಗ ಕಡಿಮೆ, ನ್ಯೂಟ್ರಲ್‌ನಲ್ಲಿ ಇನ್ನೂ ಕಡಿಮೆ, ಆದರೆ ಪೂರ್ತಿ ಮಾಯವಲ್ಲ. ಅಂದರೆ ಗ್ಯಾರೇಜಿನವರು ಕೈ ತೋರಿಸಿದ ದಿಕ್ಕು ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ಹುಡುಕದೆ ನಿಂತದ್ದೇ ತಕರಾರು.

ಸೋರಿಕೆಯ ಮೂಲ ಸೀಲ್ ಅಲ್ಲದಿರಬಹುದು

ಮೇಸ್ತ್ರಿಗಳು ಗಾಡಿಯ ಕೆಳಗೆ ನುಸುಳಿದವರು ಮೊದಲು ಕೈ ಹಾಕಿದ್ದು ಪ್ಲಗ್ಗಿಗಲ್ಲ, ಆಕ್ಸಲ್ ಕೊಳವೆಯ ಮೇಲೆ ಹೆಬ್ಬೆರಳಿನಷ್ಟು ಎದ್ದಿದ್ದ ಒಂದು ಮಣ್ಣಿನ ಗಂಟಿಗೆ. "ಇದೇನು ಗೊತ್ತುಂಟೇ ಮಾರಾಯ?" ಎಂದು ಕೇಳಿದರು. ಕೆರೆದು ನೋಡಿದರೆ ಒಳಗೆ ಬ್ರೀದರ್. ಅದರ ಪುಟ್ಟ ಟೋಪಿ ತಿರುಗುತ್ತಿರಲಿಲ್ಲ, ಬಾಯಿಗೆ ಕೆಮ್ಮಣ್ಣು ಸಿಮೆಂಟಿನಂತೆ ಕಚ್ಚಿತ್ತು.

ಭಾರ ಹೊತ್ತು ಚಾರ್ಮಾಡಿ ಘಾಟಿ ಹತ್ತಿ ಬಂದ ಗಾಡಿಯ ಹೌಸಿಂಗ್ ಮೇಲೆ ಅಂಗೈ ಇಟ್ಟು ನಿಲ್ಲಲಾಗದು, ಅಷ್ಟು ಬಿಸಿ. ಒಳಗಿನ ಗಾಳಿ ಹಿಗ್ಗಿ ಹೊರಹೋಗಲು ದಾರಿ ಹುಡುಕುತ್ತದೆ. ಆ ದಾರಿಯೇ ಬ್ರೀದರ್. ಅದು ಮುಚ್ಚಿಕೊಂಡರೆ ಒತ್ತಡವೆಲ್ಲ ಸೀಲ್‌ಗಳ ಮೇಲೆ ಬಿದ್ದು ಆಯಿಲ್ ಹೊರಗೆ ಒಸರುತ್ತದೆ. ಸೀಲ್ ಎಷ್ಟು ಸಲ ಬದಲಿಸಿದರೂ ಒತ್ತಡ ಹಾಗೆಯೇ ಉಳಿಯುತ್ತದೆ. ಆರು ತಿಂಗಳಲ್ಲಿ ಎರಡು ಸೀಲ್ ತಿಂದ ಲೆಕ್ಕ ನನಗೆ ತಿಳಿದದ್ದು ಆಗ.

ಅದು ಅರ್ಧ ಕಥೆ. ಇನ್ನರ್ಧ ಬಿಸಿ ಇಳಿಯುವಾಗ ನಡೆಯುತ್ತದೆ. ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಹಳ್ಳವಿದೆ. ಸೇತುವೆ ಬರುತ್ತದೆ ಎಂದು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಆಷಾಢದಲ್ಲಿ ಅದರ ನೀರು ಹಬ್ ಮುಟ್ಟುತ್ತದೆ. ಘಾಟಿ ಹತ್ತಿ ಕಾದು ಬಂದ ಆಕ್ಸಲ್ಲನ್ನು ನಾನು ನೇರವಾಗಿ ಆ ತಣ್ಣೀರಿಗೆ ಇಳಿಸುತ್ತಿದ್ದೆ. ಒಮ್ಮೊಮ್ಮೆ ಅಲ್ಲೇ ನಿಲ್ಲಿಸಿ ಕೆಸರು ತೊಳೆಯುತ್ತಲೂ ಇದ್ದೆ. ಒಳಗಿನ ಗಾಳಿ 80 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಅದರ ಗಾತ್ರ ಶೇ 15ರಷ್ಟು ಕುಗ್ಗುತ್ತದೆ. ಆ ಜಾಗ ತುಂಬಲು ಹೊರಗಿನಿಂದ ಏನಾದರೂ ಬರಲೇಬೇಕು. ಬ್ರೀದರ್ ಮುಚ್ಚಿದ್ದರೆ ಸವೆದ ಸೀಲ್‌ನ ತುಟಿ ದಾಟಿ ನೀರು ಬರುತ್ತದೆ. ಬ್ರೀದರ್ ತೆರೆದಿದ್ದು ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಬರುತ್ತದೆ. ಸೀಲ್‌ನ ತುಟಿ ಇರುವುದು ಒಳಗಿನ ಆಯಿಲ್ ಹಿಡಿಯಲು, ಹೊರಗಿನ ಹಳ್ಳ ತಡೆಯಲು ಅಲ್ಲ.

ಸೋರಿಕೆ ಎಲ್ಲಿಯದೆಂದು ಗುರುತಿಸುವುದು ಕಷ್ಟವಲ್ಲ. ಪ್ರೊಪೆಲ್ಲರ್ ಶಾಫ್ಟ್ ಸೇರುವ ಮೂತಿಯ ಸೀಲ್ ಸೋರಿದರೆ ತಿರುಗುವ ಫ್ಲ್ಯಾಂಜ್ ಆಯಿಲನ್ನು ಸುತ್ತಲೂ ಎರಚಿ, ಮೇಲಿನ ಬಾಡಿಯ ತಳಕ್ಕೆ ಅಡ್ಡಗೆರೆ ಎಳೆದಿರುತ್ತದೆ. ಚಕ್ರದ ಸೀಲ್ ಸೋರಿದರೆ ಬ್ರೇಕ್ ಡ್ರಮ್ಮಿನ ಹಿಂದಿನ ತಟ್ಟೆಯಿಂದ ಟೈರಿನ ಒಳಮುಖಕ್ಕೆ ಇಳಿದಿರುತ್ತದೆ. ಅಲ್ಲಿ ಕಾಣುವುದು ಬ್ರೇಕ್ ಆಯಿಲ್ ಆಗಿರಲೂಬಹುದು. ಬೆರಳಿಗೆ ಹಚ್ಚಿ ಮೂಸಿ ನೋಡಿ: ಗಿಯರ್ ಆಯಿಲ್ ದಪ್ಪ, ಗಂಧಕದ ಕೆಟ್ಟ ವಾಸನೆ, ಬ್ರೇಕ್ ಆಯಿಲ್ ನೀರಿನಷ್ಟು ತೆಳು. ಎರಡರಲ್ಲಿ ಯಾವುದೇ ಆದರೂ ನೆನೆದ ಬ್ರೇಕ್ ಲೈನರನ್ನು ಒರೆಸಿ ಮತ್ತೆ ಹಾಕಬೇಡಿ, ಬದಲಿಸಿ. ಇದರಲ್ಲಿ ಜುಗ್ಗತನ ಬೇಡ.

ತಣ್ಣಗಿರುವಾಗ ಇಣುಕಿ, ಬಿಸಿಯಾದ ಮೇಲೆ ಇಳಿಸಿ

ಆಯಿಲ್ ಬಿಸಿಯಿದ್ದಾಗಲೇ ಇಳಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಬದಲಿಸುವುದಷ್ಟೇ ಉದ್ದೇಶವಾದರೆ ಅದು ಸರಿ. ದೋಷ ಹುಡುಕುವವರು ಮಾತ್ರ ಒಂದು ರಾತ್ರಿ ಕಾಯಬೇಕು. ನೀರು ಗಿಯರ್ ಆಯಿಲ್‌ಗಿಂತ ಭಾರ. ಗಾಡಿ ರಾತ್ರಿಯಿಡೀ ಕದಲದೆ ನಿಂತರೆ ಆಯಿಲ್ ಜೊತೆ ಕಲಸಿಹೋಗದೆ ಉಳಿದ ನೀರು ತಳಕ್ಕೆ ಇಳಿದು ಡ್ರೈನ್ ಪ್ಲಗ್ಗಿನ ಮೇಲೆ ಕೂರುತ್ತದೆ.

ಆದರೆ ಮೊದಲು ಬಿಚ್ಚಬೇಕಾದದ್ದು ಡ್ರೈನ್ ಪ್ಲಗ್ ಅಲ್ಲ, ಆಯಿಲ್ ತುಂಬುವ ಮೇಲಿನ ಪ್ಲಗ್. ಹಳೆಯ ಗಾಡಿಯಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತದೆ. ಕೆಳಗಿನಿಂದ ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನದು ಬಿಚ್ಚದೆ ಹೋದರೆ ಗಾಡಿ ಅಂಗಳದ ಅಲಂಕಾರವಾಗುತ್ತದೆ. ನಮ್ಮದೂ ಸುಲಭಕ್ಕೆ ಜಗ್ಗಲಿಲ್ಲ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಬೆಳಿಗ್ಗೆ ಪ್ಲಗ್ಗಿನ ಸುತ್ತ ಸುತ್ತಿಗೆಯಿಂದ ಮೆತ್ತಗೆ ತಟ್ಟಿ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿದಾಗ ಬಿಟ್ಟುಕೊಟ್ಟಿತು. ಚೌಕ ಗುಳಿಯ ಪ್ಲಗ್ಗಿಗೆ ಅಳತೆ ತಪ್ಪಿದ ಉಪಕರಣ ತುರುಕಿದರೆ ಮೂಲೆಗಳು ಸವೆದು, ಅರ್ಧ ಗಂಟೆಯ ಕೆಲಸ ವೆಲ್ಡಿಂಗ್ ಅಂಗಡಿಯವರೆಗೆ ಹೋಗುತ್ತದೆ.

ಜಾಕಿಯ ವಿಷಯ ಒಂದೇ ಮಾತು. ಪಿಕಪ್ ಕೆಳಗೆ ನುಸುಳುವಷ್ಟು ಜಾಗವಿದ್ದರೆ ಗಾಡಿಯನ್ನು ಎತ್ತಲೇಬೇಡಿ. ಎತ್ತಬೇಕಾದರೆ ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಇಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು, ಗಿಯರ್ ಹಿಡಿಯುವುದೂ ಅವನ್ನೇ. ಅವೆರಡೂ ಗಾಳಿಯಲ್ಲಿದ್ದರೆ ಗಾಡಿಯನ್ನು ತಡೆಯುವುದು ಯಾವುದೂ ಇಲ್ಲ.

ಬೆಳಿಗ್ಗೆ ಬಿಳಿ ಪ್ಲಾಸ್ಟಿಕ್ ಬೇಸಿನ್ ಇಟ್ಟು ಡ್ರೈನ್ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಎಳೆ ಎಳೆಯಾಗಿ ಸಡಿಲಿಸಿದೆವು. ಮೊದಲು ಬಿದ್ದದ್ದು ಕಂದು ನೀರು. ಕಾಲು ಲೋಟದಷ್ಟು ಹನಿದ ಮೇಲೆ ಆಯಿಲ್ ಕಾಣಿಸಿತು. ಅದರ ಬಣ್ಣ ಹಾಲು ಹೆಚ್ಚಾದ ಕಾಫಿಯದು. ಮೇಸ್ತ್ರಿಗಳು ಪ್ಲಗ್ಗನ್ನು ಮತ್ತೆ ಬಿಗಿದು, "ಈಗ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಾ, ಆಮೇಲೆ ಇಳಿಸುವ" ಎಂದರು. ಬಿಸಿ ಆಯಿಲ್ ತಳದ ಕೆಸರನ್ನೂ ಎಳೆದುಕೊಂಡು ಇಳಿಯುತ್ತದೆ. ತಣ್ಣಗಿದ್ದರೆ ಬೆಲ್ಲದ ಪಾಕದಂತೆ ಅಲ್ಲಲ್ಲೇ ಅಂಟಿ ನಿಲ್ಲುತ್ತದೆ. ಒಂದು ಎಚ್ಚರ: ತಣ್ಣಗಿನ ಪರೀಕ್ಷೆಯಲ್ಲಿ ಆಯಿಲ್ ತೀರಾ ಕಡಿಮೆ ಕಂಡರೆ ಆ ಹತ್ತು ಕಿಲೋಮೀಟರನ್ನು ಓಡಿಸಬೇಡಿ.

ಡ್ರೈನ್ ಪ್ಲಗ್ಗೇ ಇಲ್ಲದ ಆಕ್ಸಲ್‌ಗಳೂ ಇವೆ. ಅವುಗಳ ಹಿಂದಿನ ತಟ್ಟೆಯಂಥ ಮುಚ್ಚಳವನ್ನೇ ಬಿಚ್ಚಬೇಕು. ಕೆಳಗಿನ ಬೋಲ್ಟುಗಳನ್ನು ಮೊದಲು ತೆಗೆದು, ಮೇಲಿನ ಒಂದೆರಡನ್ನು ಸಡಿಲವಾಗಿ ಉಳಿಸಿ, ಮುಚ್ಚಳದ ಕೆಳ ಅಂಚನ್ನು ಬಿಡಿಸಿದರೆ ಆಯಿಲ್ ಮುಖಕ್ಕೆ ಹಾರದೆ ಬೇಸಿನ್ನಿಗೆ ಬೀಳುತ್ತದೆ. ಕೆಲಸ ಜಾಸ್ತಿ, ಆದರೆ ಹಲ್ಲುಗಳು ಕಣ್ಣೆದುರೇ ಇರುತ್ತವೆ. ಒಂದೊಂದೇ ಹಲ್ಲನ್ನು ಟಾರ್ಚ್ ಹಾಕಿ ನೋಡುವ ಅವಕಾಶ ಬಿಡಬೇಡಿ.

ಬೇಸಿನ್ನಿನಲ್ಲಿ ಏನಿದೆ

ಕಪ್ಪಾಗಿ, ದಪ್ಪವಾಗಿ, ಸುಟ್ಟ ವಾಸನೆ ಬಂದರೆ ಆಯಿಲ್ ವಯಸ್ಸಾಗಿದೆ ಅಥವಾ ಕಡಿಮೆ ಆಯಿಲ್‌ನಲ್ಲಿ ಗಾಡಿ ಓಡಿದೆ. ಹಾಲಿನ ಬಣ್ಣ ಬಂದರೆ ನೀರು. ಅನುಮಾನವಿದ್ದರೆ ಹಳೆಯ ಕಬ್ಬಿಣದ ತಗಡನ್ನು ಹೊರಗಿನ ಒಲೆಯಲ್ಲಿ ಕಾಯಿಸಿ, ಪಕ್ಕಕ್ಕೆ ತೆಗೆದಿಟ್ಟು, ದೂರದಿಂದ ಎರಡು ಹನಿ ಬಿಡಿ. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಎನ್ನುತ್ತದೆ, ಇಲ್ಲದಿದ್ದರೆ ಸುಮ್ಮನೆ ಹೊಗೆಯಾಡುತ್ತದೆ. ಅಡುಗೆಮನೆಯ ಕಾವಲಿ ಮುಟ್ಟಿದರೆ ಮುಂದಿನದಕ್ಕೆ ನಾನು ಜವಾಬ್ದಾರನಲ್ಲ.

ಪ್ಲಗ್ಗಿನ ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಅದರ ಮೇಲಿನದನ್ನು ಒರೆಸುವ ಮೊದಲು ಬೆರಳುಗಳ ನಡುವೆ ಉಜ್ಜಿ ನೋಡಿ. ವಿಭೂತಿಯಂತೆ ನುಣ್ಣಗಿರುವ ಬೂದು ಪೇಸ್ಟಿಗೆ ಹೆದರಬೇಕಿಲ್ಲ, ಇಷ್ಟು ವರ್ಷ ಹಲ್ಲಿಗೆ ಹಲ್ಲು ಉಜ್ಜಿದ್ದಕ್ಕೆ ಅಷ್ಟು ಸಹಜ. ಬೆರಳಿಗೆ ಚುಚ್ಚುವ ಚೂರು, ಉಗುರಿನಂಥ ತೆಳು ಪದರ, ಮೂಲೆಯಿರುವ ತುಂಡು ಸಿಕ್ಕಿದರೆ ಆಯಿಲ್ ಬದಲಿಸುವ ಮಾತು ಅಲ್ಲಿಗೇ ಬಿಡಿ. ತೆಳು ಪದರ ಬೇರಿಂಗ್‌ನ ಮೈ ಎದ್ದುಬಂದದ್ದಾಗಿರಬಹುದು, ಮೂಲೆಯಿರುವ ತುಂಡು ಹಲ್ಲಿನದಾಗಿರಬಹುದು. ಹೊಸ ಆಯಿಲ್ ಹಾಕಿ ಓಡಿಸಿದರೆ ಅದೇ ತುಂಡು ಉಳಿದ ಹಲ್ಲುಗಳ ನಡುವೆ ಸಿಕ್ಕಿ ಎಲ್ಲವನ್ನೂ ಮುರಿಯುತ್ತದೆ. ಇನ್ನೊಬ್ಬರಿಂದ ಕೊಂಡ ಗಾಡಿಯಾದರೆ ನಾರು, ಪುಡಿ ಇದೆಯೇ ಎಂದೂ ನೋಡಿ. ಮಾರುವ ಮುನ್ನ ಮರದ ಹೊಟ್ಟು ತುಂಬಿ ಸದ್ದು ಅಡಗಿಸುವ ಹಳೆಯ ಉಪಾಯದ ಮಾತು ಮೆಕ್ಯಾನಿಕ್‌ಗಳ ಬಾಯಲ್ಲಿ ಈಗಲೂ ಇದೆ.

ನಮ್ಮ ಮ್ಯಾಗ್ನೆಟ್‌ನಲ್ಲಿ ತುಂಬ ಪೇಸ್ಟ್ ಇತ್ತು, ಅದರಲ್ಲಿ ತುಕ್ಕಿನ ಕೆಂಪು ಬೆರೆತಿತ್ತು. ಚೂರು ಒಂದೂ ಇರಲಿಲ್ಲ. ಮೇಲಿನ ಪ್ಲಗ್ಗಿನ ತೂತಿನಿಂದ ಟಾರ್ಚ್ ಬಿಟ್ಟು ಕ್ರೌನ್ ವೀಲನ್ನು ಒಂದು ಸುತ್ತು ತಿರುಗಿಸಿ ನೋಡಿದೆವು. ಕಂಡಷ್ಟು ಹಲ್ಲುಗಳ ಅಂಚು ಚೊಕ್ಕವಾಗಿತ್ತು.

90 ಎಂದರೆ ಯಾವ 90?

ಅಂಗಡಿಯಲ್ಲಿ "90 ಆಯಿಲ್ ಕೊಡಿ" ಎಂದರೆ ಕೈಗೆ ಸಿಕ್ಕಿದ ಡಬ್ಬಿ ಕೊಡುತ್ತಾರೆ. 90 ಹೇಳುವುದು ದಪ್ಪವನ್ನು ಮಾತ್ರ. ಅದೂ ಎಂಜಿನ್ ಆಯಿಲ್‌ನ ಲೆಕ್ಕವಲ್ಲ: ಗಿಯರ್ ಆಯಿಲ್‌ನ 90, ಎಂಜಿನ್ ಆಯಿಲ್‌ನ 40 ಅಥವಾ 50ರಷ್ಟೇ ದಪ್ಪ. ಡಬ್ಬಿಯಲ್ಲಿ ನೋಡಬೇಕಾದ ಇನ್ನೊಂದು ಗುರುತು ಜಿಎಲ್-4 ಅಥವಾ ಜಿಎಲ್-5, ಹಲ್ಲಿನ ಒತ್ತಡವನ್ನು ಆಯಿಲ್ ಎಷ್ಟು ತಾಳುತ್ತದೆ ಎಂಬ ದರ್ಜೆ.

ಹೆಚ್ಚಿನ ಪಿಕಪ್‌ಗಳ ಹಿಂದಿನ ಆಕ್ಸಲ್‌ನಲ್ಲಿರುವುದು ಹೈಪಾಯ್ಡ್ ಹಲ್ಲು. ಪಿನಿಯನ್ ಕ್ರೌನ್ ವೀಲಿನ ನಟ್ಟನಡುವೆ ಕೂಡದೆ ಸ್ವಲ್ಪ ಕೆಳಗೆ ಕೂಡುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ತಗ್ಗಿಸಿ ಗಾಡಿಯ ನೆಲ ಇಳಿಸಲೆಂದು 1920ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳು ಇದನ್ನು ಬಳಕೆಗೆ ತಂದವು. ಇದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತವೆ. ಆ ಜಾರುವ ಒತ್ತಡಕ್ಕೆ ಬರೀ ಆಯಿಲ್ ಪದರ ಹರಿದುಹೋಗುತ್ತದೆ. ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಮಿಶ್ರಣಗಳು ಬಿಸಿಯಾದ ಲೋಹದ ಮೇಲೆ ರಾಸಾಯನಿಕ ಪದರ ಕಟ್ಟಿ ಹಲ್ಲನ್ನು ಕಾಯುತ್ತವೆ. ಆ ನಾತ ಅದರದೇ. ಹಾಗೆಂದು ಉಳಿದದ್ದನ್ನು ಗಿಯರ್ ಬಾಕ್ಸಿಗೆ ಸುರಿಯಬೇಡಿ. ಹಳೆಯ ಗಿಯರ್ ಬಾಕ್ಸ್‌ಗಳಲ್ಲಿ ಗಿಯರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆ ಸಿಂಕ್ರೊನೈಸರ್ ರಿಂಗ್‌ಗಳಿಗೆ ಜಿಎಲ್-4 ಬೇಕು.

ನಾವು ಕೈಪಿಡಿಯಲ್ಲಿದ್ದಂತೆ 80ಡಬ್ಲ್ಯೂ-90, ಜಿಎಲ್-5 ಹಾಕಿದೆವು. ಊಳು ಅಡಗಿಸಲು 140 ಹಾಕಿ ಎಂಬ ಸಲಹೆ ನಿಮಗೂ ಬರುತ್ತದೆ. ತಯಾರಕರೇ 85ಡಬ್ಲ್ಯೂ-140 ಹೇಳಿದ್ದರೆ ಹಾಕಿ. ಸದ್ದು ಮುಚ್ಚಲಷ್ಟೇ ಆದರೆ ಅದು ಹೊಟ್ಟು ತುಂಬುವವರ ದೂರದ ನೆಂಟ. ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಇರುವ ಆಕ್ಸಲ್ ಆದರೆ ಅದಕ್ಕೆಂದೇ ಬರುವ ಆಯಿಲ್ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಅದುರುತ್ತದೆ.

ತುಂಬುವುದು

ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿದ ಮೇಲೆ, ಮೇಲಿನ ತೂತಿಗೆ ಪಾರದರ್ಶಕ ಪೈಪು ತೂರಿಸಿ, ಇನ್ನೊಂದು ತುದಿಗೆ ಆಲಿಕೆ ಸಿಕ್ಕಿಸಿ ಲೋಡ್ ಬಾಡಿಯ ಎತ್ತರದಿಂದ ಸುರಿದೆವು. ಪಂಪ್ ಇಲ್ಲದವರಿಗೆ ಇದು ಸಾಕು, ತಾಳ್ಮೆ ಬೇಕು. ಆಯಿಲ್ ಡಬ್ಬಿಯನ್ನು ಮೊದಲು ಅರ್ಧ ಗಂಟೆ ಬಿಸಿಲಿಗಿಟ್ಟರೆ ಬೇಗ ಇಳಿಯುತ್ತದೆ. ಬಹುತೇಕ ಆಕ್ಸಲ್‌ಗಳಲ್ಲಿ ತೂತಿನ ಕೆಳ ಅಂಚೇ ಮಟ್ಟ; ಅಲ್ಲಿಂದ ಹೊರಚೆಲ್ಲತೊಡಗಿದಾಗ ನಿಲ್ಲಿಸಿ, ಹನಿಯುವುದು ನಿಂತ ಮೇಲೆ ಪ್ಲಗ್ ಹಾಕಿ. ಗಾಡಿ ಸಮತಟ್ಟಾಗಿ ನಿಂತಿರದಿದ್ದರೆ ಈ ಮಟ್ಟ ಸುಳ್ಳು ಹೇಳುತ್ತದೆ. ಇಳಿದ ಆಯಿಲನ್ನು ಅಳೆದು ಅಷ್ಟೇ ಹಾಕುವುದು ತಪ್ಪು ಲೆಕ್ಕ, ಸೋರಿಹೋದದ್ದು ಆ ಬೇಸಿನ್ನಿನಲ್ಲಿ ಇರುವುದಿಲ್ಲ.

ಮುಚ್ಚಳ ಬಿಚ್ಚುವ ಬಗೆಯಾದರೆ ಎರಡೂ ಮುಖಗಳ ಹಳೆಯ ಪೇಸ್ಟ್ ಕೆರೆದು ಒಣಗಿಸಿ, ಹೊಸ ಗ್ಯಾಸ್ಕೆಟ್ ಅಥವಾ ಪೇಸ್ಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಪಿನಿಯನ್ ಮೂತಿಯ ದೊಡ್ಡ ನಟ್ಟನ್ನು ಮಾತ್ರ "ಇದೂ ಸ್ವಲ್ಪ ಬಿಗಿಯಾಗಲಿ" ಎಂದು ಮುಟ್ಟಬೇಡಿ. ಬೇರಿಂಗ್ ಎಷ್ಟು ಒತ್ತಿರಬೇಕೆಂಬ ಲೆಕ್ಕ ಆ ನಟ್ಟಿನಲ್ಲಿದೆ.

ಬ್ರೀದರನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದರೂ ಟೋಪಿ ಕದಲಲಿಲ್ಲ. ಅದನ್ನು ಎಸೆದು, ಅದೇ ಥ್ರೆಡ್ಡಿಗೆ ನಿಪ್ಪಲ್ ಹಾಕಿ, ಆಯಿಲ್ ತಡೆಯುವ ರಬ್ಬರ್ ಪೈಪನ್ನು ಲೋಡ್ ಬಾಡಿಯ ತಳದವರೆಗೆ ಏರಿಸಿ, ತುದಿಯನ್ನು ಕೆಳಮುಖವಾಗಿ ಬಗ್ಗಿಸಿ ಕಟ್ಟಿದೆವು. ಸ್ಪ್ರಿಂಗ್ ಕುಗ್ಗಿ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಪೈಪು ಎಳೆದುಕೊಳ್ಳದಷ್ಟು ಸಡಿಲ ಬಿಟ್ಟಿದ್ದೇವೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೆ.

ಆಮೇಲೆ

ಒಮ್ಮೆ ನೀರು ಸೇರಿದ ಹೌಸಿಂಗ್ ಒಂದೇ ಸಲಕ್ಕೆ ಶುದ್ಧವಾಗುವುದಿಲ್ಲ. ಆಕ್ಸಲ್ ಕೊಳವೆಗಳ ಮೂಲೆಯಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. 300 ಕಿ.ಮೀ. ಓಡಿಸಿ ಆ ಹೊಸ ಆಯಿಲನ್ನೂ ಇಳಿಸಿದೆವು. ಹೊಟ್ಟೆ ಉರಿಯಿತು ನಿಜ, ಆದರೆ ಅದೂ ಸ್ವಲ್ಪ ಮಬ್ಬಾಗಿಯೇ ಬಂತು. ಮೂರನೆಯದು ಜೇನಿನ ಬಣ್ಣದಲ್ಲೇ ಉಳಿಯಿತು. ಇಳಿಸಿದ ಆಯಿಲನ್ನು ಡಬ್ಬಿಗೆ ತುಂಬಿ ಹಳೆಯ ಆಯಿಲ್ ಕೊಳ್ಳುವವರಿಗೆ ಕೊಟ್ಟೆವು. ತೋಟದ ಚರಂಡಿಗೆ ಸುರಿದಿದ್ದರೆ ಅದು ಹೋಗುತ್ತಿದ್ದದ್ದು ಅದೇ ಹಳ್ಳಕ್ಕೆ.

ಊಳು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ನೀರು ಕುಡಿದ ಬೇರಿಂಗ್‌ನ ರೋಲರ್ ಮೇಲೆ ಒಮ್ಮೆ ತುಕ್ಕಿನ ಗುಳಿ ಬಿದ್ದರೆ ಯಾವ ಆಯಿಲ್ ಬಂದರೂ ಅದನ್ನು ತುಂಬಲಾರದು. ಮುಂದಿನ ಬೇಸಿಗೆಯಲ್ಲಿ, ಅಳತೆ ಮಾಡಿ ಶಿಮ್ (ಸಂದು ಹೊಂದಿಸುವ ತೆಳು ಲೋಹದ ಬಿಲ್ಲೆ) ಹಾಕಬಲ್ಲ ಬೇರೊಂದು ವರ್ಕ್‌ಶಾಪಿನಲ್ಲಿ ಪಿನಿಯನ್‌ನ ಎರಡೂ ಬೇರಿಂಗ್ ಬದಲಿಸಿದೆವು. ಹಳೆಯದರ ಮೇಲೆ ಸಿಡುಬಿನ ಕಲೆಯಂಥ ಗುಳಿಗಳಿದ್ದವು. ಕ್ರೌನ್ ಮತ್ತು ಪಿನಿಯನ್ ಹಳೆಯವೇ ಇವೆ, ಮೂರನೆಯ ಸಲ ಹಾಕಿದ ಬಲಗಡೆಯ ಸೀಲ್ ಕೂಡ ಅದೇ ಇದೆ. ಈಗ ಘಾಟಿ ಹತ್ತಿ ಬಂದ ದಿನ ಹಳ್ಳದ ಈಚೆ ದಡದಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕೂರುತ್ತೇನೆ. ಸೇತುವೆ ಇನ್ನೂ ಬಂದಿಲ್ಲ.